ಕಡೀ ಸಾಲಿನ ಹೊನ್ನಿ

“ಇನ್ನೊಂದೀಟು ಮೂಗಿನಿಂದ ಬರಬೇಕ್ರಿ. ಆಗ ಖರೇ ಅನಸ್ತೈತಿ.”

ಬೆನ್ನ ಹಿಂದಿನಿಂದ ಬಂದ ಮಾತಿಗೆ ಪ್ರಜ್ಞಾ ಅಣಕವನ್ನು ಅರ್ಧಕ್ಕೇ ನಿಲ್ಲಿಸಿದಳು. ಸಿಂದಗಿಯ ಕಾಲೇಜಿನ ವರಾಂಡದಲ್ಲಿ ಗೆಳತಿಯರನ್ನು ಕೂಡಿಸಿಕೊಂಡು, ಆಗಷ್ಟೇ ಒಳಗೆ ಕವಿತೆ ಓದಿದ್ದ ಕವಿಯ ದನಿಯನ್ನು ಅಣಕಿಸಿ ನಗಿಸುತ್ತಿದ್ದಳು. ತಿರುಗಿದರೆ... ಅದೇ ಕವಿ! ಗೊಳಸಂಗಿಯ ಸಾಲಿ ಮಾಸ್ತರ ಅನಿಲ.

ಅವನೂ ನಗುತ್ತಿದ್ದ. ಅವಳು ಸೋತದ್ದು ಆ ನಗುವಿಗೇ.

ಎಂ.ಎ. ಕೊನೆಯ ವರ್ಷದ ಪ್ರಬಂಧಕ್ಕೆ ಅವನ ‘ಬದುವಿನ ಮ್ಯಾಲ’ ಕವನ ಸಂಕಲನವನ್ನೇ ಆರಿಸಿಕೊಂಡಳು. ಮಾಡಿದ ಕೀಟಲೆಗೆ ಪ್ರಾಯಶ್ಚಿತ್ತ ಎಂದಳು. ಗೆಳತಿಯರಲ್ಲಿ ಒಬ್ಬಳಾದರೂ ನಂಬಬೇಕಲ್ಲ!

ಸಂದೇಹ ಕೇಳುವ ನೆಪದಲ್ಲಿ ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಭೇಟಿಗಳಾದವು. ಸಂಕಲನದ ವಸ್ತುವನ್ನು ಅವಳು ಮಣ್ಣು, ಹಸಿವು, ಅಕ್ಷರ, ಪ್ರೀತಿ ಎಂದು ವಿಂಗಡಿಸಿದಳು. ಮನಸ್ಸನ್ನು ವಿಂಗಡಿಸಲು ಬರಲಿಲ್ಲ. ಅದು ಇಡಿಯಾಗಿ ಒಬ್ಬನ ಕಡೆಗೇ ಹೋಯಿತು. ಸೆಮಿನಾರ್ ಮುಗಿದ ಮೇಲೆ ಒಂದು ಮಾತು ಕೇಳುವುದಿದೆ ಎಂದು ಅವನೂ ಹೇಳಿದ್ದ. ಏನು ಕೇಳುತ್ತಾನೆಂದು ಇಬ್ಬರಿಗೂ ಗೊತ್ತಿತ್ತು.

ಉಳಿದದ್ದು ರಚನೆಯ ಅಧ್ಯಾಯ. ಅದಕ್ಕಾಗಿ ಕವಿತೆಗಳನ್ನು ಅವನು ಇಟ್ಟ ಕ್ರಮದಲ್ಲೇ ಮೊದಲ ಸಲ ಓದಿದಳು. ಪ್ರತಿ ಕವಿತೆಯ ಕೊನೆಯ ಸಾಲಿನಲ್ಲೂ ಒಂದು ಹೆಸರು... ಹೊನ್ನಿ! ಬಿಡಿಬಿಡಿಯಾಗಿ ಓದಿದಾಗ ಪ್ರಾಸಕ್ಕೆ ಬಂದದ್ದೆಂದುಕೊಂಡಿದ್ದಳು. ಈಗ ಸಾಲಾಗಿ ನೋಡಿದರೆ, ಮೊದಲ ಪುಟಗಳಲ್ಲಿ ‘ಕೇಳ ಹೊನ್ನಿ’; ನಡುವೆ ‘ನಿನ್ನ ಕೈಹಿಡಿದೇ ನಡೆದೆ ಹೊನ್ನಿ’; ಕೊನೆಗೆ ‘ನೀನಿಲ್ಲದ ಹೊತ್ತು ಹ್ಯಾಂಗ ಕಳೀಲಿ ಹೊನ್ನಿ’.

ಹಾಗಾದರೆ ನಾನು ಯಾರು?

ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ.

ಸೆಮಿನಾರಿನಲ್ಲಿ, ಮುಂದಿನ ಸಾಲಿನಲ್ಲಿ ಕೂತಿದ್ದ ಅನಿಲನ ಎದುರೇ ಪ್ರಬಂಧ ಓದಿದಳು. ಈ ಸಂಕಲನಕ್ಕೆ ವಸ್ತು ನಾಲ್ಕಲ್ಲ, ಒಂದೇ: ಹೊನ್ನಿ. ಉಳಿದವರೆಲ್ಲ ಕವಿ ಹೊತ್ತು ಕಳೆಯಲು ಇಟ್ಟುಕೊಂಡ ಓದುಗರು ಎಂದಳು. ಸಾಲದ್ದಕ್ಕೆ ಅವನ ದನಿಯಲ್ಲೇ “ಹೊನ್ನೀ...” ಎಂದು ಎಳೆದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ಅನಿಲ ಎದ್ದ. ಹಿಂದಿನ ಬೆಂಚಿನಿಂದ ಒಬ್ಬ ಮುದುಕಿಯ ಕೈಹಿಡಿದು ಎಬ್ಬಿಸಿಕೊಂಡು ಹೊರಗೆ ನಡೆದ.

ಎಲ್ಲರೂ ಹೋದ ಮೇಲೆ ಮಾರ್ಗದರ್ಶಕ ರೇವಣಪ್ಪ ಸರ್ ಅವಳನ್ನು ಹತ್ತಿರ ಕರೆದರು.

“ಟ್ಯೂಷನ್ ಹುಡುಗ್ಯಾರಿಗೆ ವಚನ ಹೇಳಿಕೊಡ್ತಿಯಲ್ಲವಾ, ಬರೆದವರ್ಯಾರಂತ ತಿಳಿಯಾಕ ಮೊದಲ ಎಲ್ಲಿ ನೋಡಂತಿ?”

“ಕಡೀ ಸಾಲ್ರಿ ಸರ್. ಅಂಕಿತ... ವಚನಕಾರ್ರು ತಾವು ನಂಬಿದ ದೇವರ ಹೆಸರು...”

ಅವಳು ಕೈಯಲ್ಲಿದ್ದ ಸಂಕಲನದ ಕೊನೆಯ ಪುಟ ತೆರೆದಳು.

“ಅವ್ವ-ಅಪ್ಪ ಇಲ್ಲದ ಹುಡುಗನ್ನ ಸಾಕಿದಾಕಿ ಆಯಿ, ಅವ್ವನ ಅವ್ವ ಹೊನ್ನವ್ವ. ಆಕೀನ ಅವಗ ದೇವ್ರು. ನಿನ್ನ ತೋರಸಾಕಂತ ಕರಕೊಂಡು ಬಂದಿದ್ದ.”

ಪ್ರಜ್ಞಾ ಪುಸ್ತಕ ಮುಚ್ಚಿದಳು. ವಚನಗಳ ತವರಾದ ಬಾಗೇವಾಡಿಯ ನೆಲದಲ್ಲಿ ನಿಂತು ಬರೆದವನ ಕೊನೆಯ ಸಾಲನ್ನು, ಕನ್ನಡ ಎಂ.ಎ. ಓದುವ ತಾನು ಹೊಟ್ಟೆಕಿಚ್ಚಿನಿಂದ ಓದಿದ್ದಳು. ಆ ಮುದುಕಿ ಅಷ್ಟು ದೂರ ಬಂದು ಕೇಳಿಸಿಕೊಂಡದ್ದು ತನ್ನ ಹೆಸರಿಗೆ ಬಿದ್ದ ನಗೆ.

ಮರುದಿನವೇ ಹೋಗಬೇಕಿತ್ತು. ಯಾವ ಮುಖ ಹೊತ್ತು ಹೋಗಲಿ ಎಂದು ಮಳೆಗಾಲ ಕಳೆದಳು, ಜೋಳ ತೆನೆ ಬಿಡುವವರೆಗೂ ಕಳೆದಳು. ಕಡೆಗೊಂದು ಮಧ್ಯಾಹ್ನ ಗೊಳಸಂಗಿಗೆ ಹೋದಾಗ ಅನಿಲ ಮನೆಯ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ತಲೆ ಬೋಳಿಸಿದ್ದ.

ಯಾರು ತೀರಿಕೊಂಡರೆಂದು ಕೇಳುವ ಅಗತ್ಯವೇ ಅವಳಿಗೆ ಬೀಳಲಿಲ್ಲ.

“ಯಾವಾಗ್ರಿ...?”

“ಹೋದ ವಾರ.”

ಅವಳು ಅಂಗಳದಲ್ಲೇ ನಿಂತಳು. ಬೈಯಲಿ, ಹೊರಗೆ ಹಾಕಲಿ ಎಂದು ಕಾದಳು. ಅವನು ಬೈಯಲಿಲ್ಲ. ಸೆಮಿನಾರಿನಿಂದ ಮರಳುವಾಗ ಬಸ್ಸಿನಲ್ಲಿ ಆಯಿ ಹೇಳಿದ್ದನ್ನು ತಗ್ಗಿದ ದನಿಯಲ್ಲಿ ಹೇಳಿದ.

“‘ಮಂದಿ ನಗಾಕತ್ತಿದ್ರು, ಆ ಹುಡುಗಿ ಅಳಾಕತ್ತಿತ್ತು. ನಿನ್ನ ಕಣ್ಣಿಗೆ ಬೀಳಲಿಲ್ಲೇನೋ? ಹೋಗಿ ಯಾಕಂತ ಕೇಳು’ ಅಂದ್ಲು. ದಿನಾ ಅಂದ್ಲು. ನಾ ಹೋಗಲಿಲ್ಲ.”

ಪ್ರಜ್ಞಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಂದೇ ಒಂದು ಸಲ ನೋಡಿದ ಮುದುಕಿ, ತನ್ನನ್ನು ಸರಿಯಾಗಿ ಓದಿದ್ದಳು.

“ನಾ ನಿಮ್ಮನ್ನ ಭಾಳ ಪ್ರೀತಿ ಮಾಡ್ತೇನ್ರಿ. ಅದಕ್ಕ ಹಂಗ ಮಾಡಿದೆ... ಅದು ಕಾರಣ ಅಲ್ಲ, ಗೊತ್ತೈತಿ. ನನ್ನ ಕ್ಷಮಿಸಬ್ಯಾಡ್ರಿ.”

“ಕ್ಷಮಿಸಿಲ್ಲ,” ಎಂದ ಅನಿಲ. “ನನ್ನನ್ನೂ ನಾ ಕ್ಷಮಿಸಿಲ್ಲ.”

ಅವಳು ಹೋಗಲೆಂದು ತಿರುಗಿದಳು.

“ಪ್ರಜ್ಞಾ... ಹೋಗಬ್ಯಾಡ.”

“ಇದ್ದು ಏನ್ ಮಾಡಲ್ರಿ?”

ಅವನು ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟ.

“ನನಗ ಇನ್ನೂ ಅಳಾಕ ಬಂದಿಲ್ಲ. ಮಗ್ಗಲ್ದಾಗ ಯಾರರ ಬೇಕು.”