ಜಡೆಯಲ್ಲಿ ಉಳಿದ ಪಾದರಸ

"ಒಂದಿಷ್ಟು ಕೂದಲು ಕೊಡ್ತೀರಾ?" ಎಂದು ಕೇಳಿದ್ದೇ ತಡ, ದೋಣಿಯವನು ಹಗ್ಗ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಮೊದಲನೇ ದಿನವೇ ಕೂದಲು ಕೇಳ್ತಿದ್ದೀರಲ್ಲ ಮೇಡಂ! ಮುಂದೆ ಇನ್ನೇನು ಕೇಳ್ತೀರೋ ಅಂತ ಭಯ ಆಗ್ತಿದೆ."

"ಅಯ್ಯೋ, ಪರೀಕ್ಷೆಗೆ ಕಣ್ರೀ!"

ನನ್ನ ಕಿವಿ ಬಿಸಿಯಾಗಿತ್ತು. ಅವನು ಬೇಕೆಂದೇ ಅದನ್ನು ನೋಡಿದ.

ಕೆರೆಯ ತಳದಲ್ಲಿ ಪಾದರಸ, ಸೀಸ ಎಷ್ಟು ಕೂತಿದೆ ಎಂದು ಅಳೆಯುವುದು ನನ್ನ ಕೆಲಸ. ಉದ್ದ ಕೊಳವೆ ಇಳಿಸಿ ಕೆಸರನ್ನು ಇಡಿಯಾಗಿ ಎತ್ತಿ, ಬ್ರೆಡ್ಡಿನ ಹಾಗೆ ಹೋಳು ಮಾಡುತ್ತೇನೆ. ಮೇಲಿನ ಹೋಳು ಈಚಿನದು, ಕೆಳಗಿನದು ಹಳೆಯದು. ದಡದ ಕಾರ್ಖಾನೆ ಎಂದೋ ಮುಚ್ಚಿತ್ತು. ಅದರ ವಿಷವೆಲ್ಲ ಆಳದಲ್ಲಿ ಹೂತುಹೋಗಿದೆ, ಈಗ ಮೀನು ತಿನ್ನಬಹುದು ಎಂದು ಹಿಂದಿನ ವರದಿ ಹೇಳಿತ್ತು. ಅದನ್ನು ಖಚಿತಪಡಿಸಲು ಬಂದಿದ್ದ ನಾನೂ ಅದನ್ನೇ ನಂಬಿದ್ದೆ.

ಆ ಬೇಸಿಗೆಯೆಲ್ಲ ಅವನ ದೋಣಿಯಲ್ಲೇ ಕಳೆಯಿತು. ನನಗೆ 'ಕೆಸರು ಮೇಡಂ' ಎಂದು ಹೆಸರಿಟ್ಟ. ಮಧ್ಯಾಹ್ನ ಊಟ ಅವನ ಮನೆಯಲ್ಲಿ. ಚಿಕ್ಕಂದಿನಲ್ಲೇ ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದವಳು ಅತ್ತಿಗೆ. ಅವಳು ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಈಗ ಬಸುರಿ. ಬುಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮೀನು ಆರಿಸಿ, "ಇದು ನಮ್ಮ ಅತ್ತಿಗೆಗೆ" ಎನ್ನುತ್ತಿದ್ದ. ಎರಡನೆಯದು ನನಗೆ. ಹುರಿದ ಮೀನಿನ ಮುಳ್ಳು ಬಿಡಿಸಿ ನನ್ನ ತಟ್ಟೆಗೆ ಇಟ್ಟು, ಏನೂ ಗೊತ್ತಿಲ್ಲದವನ ಹಾಗೆ ಗೋಡೆ ನೋಡುತ್ತಿದ್ದ.

"ನನಗೆ ಒಂದು ದಿನವೂ ಮುಳ್ಳು ಬಿಡಿಸಿ ಕೊಟ್ಟವನಲ್ಲ ಕಣಮ್ಮ ಇವನು," ಎಂದು ಅತ್ತಿಗೆ ನಗುತ್ತಿದ್ದಳು.

ಕೆಸರಿನ ಜೊತೆಗೆ ಮೀನು ತಿನ್ನುವ ಊರವರ ಕೂದಲ ಮಾದರಿಗಳನ್ನೂ ಲ್ಯಾಬಿಗೆ ಕಳಿಸುವಾಗ, ಹೋಲಿಸಿ ನೋಡಲು ಒಂದು ಶುದ್ಧ ಕೂದಲು ಬೇಕಿತ್ತು. ನಾನು ಹೊರಗಿನವಳು ತಾನೆ? ನನ್ನ ಜಡೆಯಿಂದಲೇ ಒಂದು ಸಣ್ಣ ಕುಚ್ಚನ್ನು ಬುಡದ ಹತ್ತಿರ ಕತ್ತರಿಸಿ, ದಾರ ಕಟ್ಟಿ ಇಟ್ಟೆ. ಕೂದಲೂ ಕೆಸರಿನ ಹಾಗೆಯೇ. ತುದಿ ಹಳೆಯದು, ಬುಡ ಹೊಸದು. ತಿಂದದ್ದನ್ನು ತಿಂಗಳು ತಿಂಗಳಾಗಿ ಹೇಳಿಬಿಡುತ್ತದೆ.

ಲ್ಯಾಬಿನ ಹಿರಿಯ ಮೇಡಂ ನನ್ನನ್ನು ಕರೆದು ಕಂಪ್ಯೂಟರ್ ತೋರಿಸಿದರು. "ಏನೇ ಇದು? ಶುದ್ಧ ಕೂದಲು ಅಂತ ಕೊಟ್ಟೆಯಲ್ಲ! ಬೇಸಿಗೆವರೆಗೂ ಪಾದರಸ ಇಲ್ಲವೇ ಇಲ್ಲ ಅನ್ನಬಹುದು, ಆಮೇಲೆ ಮೆಟ್ಟಿಲು ಹತ್ತಿದ ಹಾಗೆ ಏರಿದೆ. ಯಾರ ಮನೇಲಿ ಊಟ ನಡೀತಿದೆ?"

ನಾಚಿಕೆಯಿಂದ ತಲೆ ತಗ್ಗಿಸಿದೆ. ನಾನೇ ಬಾಯಿಬಿಟ್ಟು ಹೇಳದಿದ್ದ ಪ್ರೀತಿ ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿತ್ತು. ಮರುಗಳಿಗೆ ಇನ್ನೊಂದು ಹೊಳೆಯಿತು. ನಾನು ಒಂದು ಬೇಸಿಗೆ ತಿಂದವಳು. ಅತ್ತಿಗೆ? ಅವಳ ಹೊಟ್ಟೆಯಲ್ಲಿರುವ ಕೂಸು?

ಸಿಕ್ಕ ಬಸ್ಸು ಹತ್ತಿ ದಡಕ್ಕೆ ಓಡಿದೆ. ಅವನು ನನ್ನನ್ನು ಕಂಡವನೇ ಒಂದು ಭಾರೀ ಮೀನನ್ನು ಎತ್ತಿ ತೋರಿಸಿ ನಕ್ಕ.

"ಅತ್ತಿಗೆಗೆ ಕೊಡಬೇಡಿ. ತಳದ ವಿಷ ಮೀನಿಗೆ ಬಂದಿದೆ. ದೊಡ್ಡ ಮೀನಲ್ಲೇ ಜಾಸ್ತಿ. ಅದು ಚಿಕ್ಕದನ್ನೆಲ್ಲ ತಿಂದು ಬೆಳೆದಿರುತ್ತೆ."

ಅವನ ನಗು ಹಾಗೇ ನಿಂತಿತು.

"ದೊಡ್ಡದನ್ನೇ ಆರಿಸಿ ಆರಿಸಿ ಕೊಟ್ಟೆನಲ್ರೀ," ಎಂದ. ಮೀನು ಕೈಯಿಂದ ಜಾರಿ ನೀರಿಗೆ ಬಿತ್ತು.

ಕೆರೆಯಲ್ಲಿ ಮೀನು ಹಿಡಿಯುವುದು ನಿಂತಿತು. ದೋಣಿಗಳನ್ನು ದಡದಲ್ಲಿ ಬೋರಲು ಹಾಕಿದರು. ಅತ್ತಿಗೆಗೆ ಹೆಣ್ಣುಮಗು. ಕೈಕಾಲು ಬಿಗಿ, ಹಾಲು ಚೀಪುವ ಶಕ್ತಿಯಿಲ್ಲ. ಮೀನಿನಿಂದಲೇ ಹೀಗಾಯಿತೆಂದು ಡಾಕ್ಟರು ಖಂಡಿತವಾಗಿ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ದೊಡ್ಡ ಆಸ್ಪತ್ರೆಯಿರುವ ಊರಿಗೆ ಮನೆಮಂದಿಯೆಲ್ಲ ಹೊರಟರು.

ಬಸ್ ನಿಲ್ದಾಣದಲ್ಲಿ, "ನಾನೂ ಬರ್ತೀನಿ," ಎಂದೆ. ಅತ್ತೇಬಿಟ್ಟೆ.

"ಬೇಡ. ನಿಮ್ಮ ಮೇಲೆ ಸಿಟ್ಟಿಲ್ಲ, ಆಣೆಗೂ ಇಲ್ಲ. ನಿಮ್ಮನ್ನ ನೋಡಿದ್ರೆ ನನಗೆ ಖುಷಿಯಾಗುತ್ತೆ ಕಣ್ರೀ. ಆ ಮಗು ಹಾಗೆ ಮಲಗಿರುವಾಗ ಖುಷಿಪಡೋಕೆ ನಾಚಿಕೆ ಆಗುತ್ತೆ."

ಬಸ್ಸು ಸ್ಟಾರ್ಟ್ ಆಯಿತು. ಅವನು ಮೆಟ್ಟಿಲ ಮೇಲಿಂದ ಬಗ್ಗಿದ. "ನಿಮ್ಮ ಕೂದಲು ಎಲ್ಲ ಹೇಳಿಬಿಡ್ತಂತಲ್ಲ. ಯಾವಾಗಿನಿಂದ?"

"ಮೊದಲ ಸಲ ಮುಳ್ಳು ಬಿಡಿಸಿ ಕೊಟ್ರಲ್ಲ, ಅವತ್ತಿಂದ."

"ನನ್ನ ಕೂದಲಲ್ಲಿ ಅದು ಗೊತ್ತಾಗಲ್ಲ ಬಿಡಿ, ಹುಟ್ಟಿದಾಗಿಂದ ತಿಂದವನು. ಆದ್ರೆ ನನಗೂ ಅವತ್ತಿಂದಲೇ."

ಆಮೇಲೆ ಒಂದೇ ಒಂದು ಸಲ ಫೋನ್ ಮಾಡಿದ. "ಪುಟ್ಟಿ ಇನ್ನೂ ಕೂರ್ತಿಲ್ಲ," ಎಂದ. ಎಷ್ಟೋ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.

ಈಗ ನನ್ನ ಕೂದಲ ಬುಡ ಶುದ್ಧವಾಗಿದೆ. ನಾನೇ ಪರೀಕ್ಷಿಸಿದ್ದೇನೆ. ಆ ಬೇಸಿಗೆ ಬೆನ್ನಮೇಲೆ ಇಳಿಯುತ್ತಾ ಇಳಿಯುತ್ತಾ ಸೊಂಟದ ಹತ್ತಿರ, ಜಡೆಯ ತುದಿಗೆ ಬಂದಿದೆ.

ಮೊನ್ನೆ ಪಾರ್ಲರಿನ ಹುಡುಗಿ ಜಡೆ ಬಿಚ್ಚಿ, "ತುದಿಯೆಲ್ಲ ಸೀಳಿದೆ ಮೇಡಂ, ನಾಲ್ಕು ಬೆರಳು ತೆಗೆದುಬಿಡ್ಲಾ?" ಎಂದಳು.

"ಬೇಡಮ್ಮ," ಎಂದೆ. "ಬಾಚಿಬಿಡು, ಸಾಕು."