ತಾತನ ಗ್ಲಾಸು

“ಬಾಗಿಲು ಹಾಕ್ಬುಟ್ರೆ ತಾತ ಒಳಗೆ ಹೆಂಗ್ ಬತ್ತಾರೆ ಅಜ್ಜಿ?”

ಭಾನುವಿನ ಪ್ರಶ್ನೆಗೆ ಉತ್ತರ ಕೊಡಲು ಗೋವಿಂದಮ್ಮಜ್ಜಿಗೆ ಪುರಸೊತ್ತಿರಲಿಲ್ಲ. ತಾತ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ. ಫೋಟೊದ ಮುಂದೆ ಬಾಳೆಲೆ ಹಾಸಿ ಮುದ್ದೆ, ಕೋಳಿಸಾರು, ವಡೆ, ಒಂದು ಕಟ್ಟು ಬೀಡಿ ಇಟ್ಟಾಗಿತ್ತು. ಕೊನೆಗೆ ಅಜ್ಜಿ ಸೆರಗಿನಡಿಯಿಂದ ಚಿಕ್ಕ ಬಾಟಲಿ ತೆಗೆದು ಗ್ಲಾಸಿಗೆ ಸುರಿದಳು. ಘಾಟು ಮೂಗಿಗೆ ಬಡಿಯಿತು.

ಅದು ಬೇಡ ಅತ್ತೆ ಎಂದು ಅಮ್ಮ ಮೆಲ್ಲಗೆ ಹೇಳಿದಳು.

“ವರ್ಷಕ್ಕೊಂದ್ ದಿನ ಬತ್ತಾರೆ. ಇಷ್ಟಪಟ್ಟಿದ್ದು ಇಕ್ದೆ ಕಳ್ಸಕ್ಕಾಯ್ತದಾ?” ಅಂದಳು ಅಜ್ಜಿ.

ಭಾನುವಿಗೆ ಆ ವಾಸನೆ ಚೆನ್ನಾಗಿ ಗೊತ್ತು. ಮೊದಲೆಲ್ಲ ಅದು ದಿನಾ ಅಪ್ಪನ ಜೊತೆ ಮನೆಗೆ ಬರುತ್ತಿತ್ತು. ಆಮೇಲೆ ಅಪ್ಪ ಆಸ್ಪತ್ರೆ ಸೇರಿ, ಕುಡಿಯುವುದನ್ನು ಬಿಟ್ಟು, ಮತ್ತೆ ಹೊಸೂರಿನ ಕಂಪನಿ ಕೆಲಸಕ್ಕೆ ಹೋಗತೊಡಗಿದ. ಅವಳ ಪ್ರಕಾರ ಕುಡಿತ ಅಂದರೆ ಚಿಕನ್ ಪಾಕ್ಸ್ ಇದ್ದ ಹಾಗೆ. ಒಮ್ಮೆ ವಾಸಿಯಾದರೆ ಮುಗಿಯಿತು.

ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದಂತೆ. ಆಮೇಲೆ ಹಿರಿಮಗ ಒಬ್ಬನೇ ಒಳಗೆ ಹೋಗಿ ಎಡೆಯಲ್ಲಿ ಇಟ್ಟದ್ದನ್ನೆಲ್ಲ ಮೊದಲು ರುಚಿ ನೋಡಬೇಕು. ಅದು ಅವರ ಮನೆಯ ಪದ್ಧತಿ. ಆ ಹಿರಿಮಗ ಭಾನುವಿನ ಅಪ್ಪ ಲಕ್ಷ್ಮೀಪತಿ.

ಭಾನು ಬಾಗಿಲಿಗೆ ಕಿವಿಯಿಟ್ಟಳು. ತಾತ ಉಣ್ಣುವ ಸದ್ದೇನೂ ಇಲ್ಲ. ಹಲ್ಲಿಯೊಂದು ಲೊಚಗುಟ್ಟಿತು, ಅಷ್ಟೇ.

“ಹೋಗಪ್ಪ, ಒಂದೇ ಗುಟುಕು. ಶಾಸ್ತ್ರಕ್ಕೆ,” ಅಂದಳು ಅಜ್ಜಿ.

ಅಪ್ಪ ಚಿಲಕದ ಮೇಲೆ ಕೈಯಿಟ್ಟ. ತಳಿ ಊರಿನ ಆ ತಣ್ಣನೆ ಗಾಳಿಯಲ್ಲೂ ಅವನ ಹಣೆ ಬೆವರಿತ್ತು. ಸಟ್ಟನೆ ಹಿಂದೆ ಸರಿದು ಫೋನ್ ತೆಗೆದ. ನಂದೀಶ್ ಅಂಕಲ್‌ಗೆ ಎಂದು ಭಾನುವಿಗೆ ಗೊತ್ತಾಯಿತು. ಅವರೂ ಅಪ್ಪನ ಹಾಗೆಯೇ ಕುಡಿತ ಬಿಟ್ಟವರು. ಅಂಥವರೆಲ್ಲ ಸೇರುವ ಭಾನುವಾರದ ಮೀಟಿಂಗಿಗೆ ಅಪ್ಪ ಹೋಗುವುದು ಅವರ ಜೊತೆಯಲ್ಲೇ.

“ಬಾಗಿಲ ಮುಂದೆ ನಿಂತಿದೀನಿ ಅಣ್ಣ. ಒಳಗೆ ಗ್ಲಾಸ್ ಐತೆ,” ಎಂದ ಅಪ್ಪ. ಆಮೇಲೆ ಬಹಳ ಹೊತ್ತು ಬರೀ ಹೂಂ, ಹೂಂ ಎನ್ನುತ್ತಿದ್ದ.

ಫೋನ್ ಇಟ್ಟ ಮೇಲೆ ಭಾನು ಕೇಳಿದಳು. “ತಾತ ಅಂದ್ರೆ ಭಯಾನಾಪ್ಪ?”

“ತಾತ ಅಂದ್ರೆ ಯಾಕವ್ವ ಭಯ? ಆ ಗ್ಲಾಸ್ ಕಂಡ್ರೆ ಭಯ.”

“ನಿಂಗೆ ವಾಸಿ ಆಯ್ತಲ್ಲ?”

“ಆಗ್ತಾ ಐತೆ ಕಣವ್ವ.” ಅಪ್ಪ ಅಜ್ಜಿಯ ಕಡೆ ತಿರುಗಿದ. “ಅಮ್ಮ, ಒಂದೇ ಗುಟುಕು ಅಂತೀಯ. ನಂಗೆ ಒಂದಕ್ಕೆ ನಿಲ್ಸಕ್ಕೆ ಬರಾಕಿಲ್ಲ. ನಾನ್ ಒಳಗೆ ಹೋಗಾಕಿಲ್ಲ.”

ಅಜ್ಜಿ ಮುಖ ಗಂಟಿಕ್ಕಿದಳು. ಆಮೇಲೆ ಅವಳ ಕಣ್ಣು ಮಗನ ಕೈ ಮೇಲೆ ಬಿತ್ತು. ಅದು ನಡುಗುತ್ತಿತ್ತು.

ಅವಳೇ ಒಳಗೆ ಹೋದಳು. ಗ್ಲಾಸು, ಬಾಟಲಿ ಎರಡನ್ನೂ ತಂದು ನುಗ್ಗೆಮರದ ಬುಡಕ್ಕೆ ಸುರಿದಳು.

“ನಿಮ್ಮಪ್ಪ ಕುಡಿದಾಯ್ತು. ಬರೋ ವರ್ಷದಿಂದ ಕಾಫಿ ಇಕ್ತೀನಿ, ಕುಡ್ಕೊಂಡು ಹೋಗ್ಲಿ. ನೀನ್ ಬಾ, ಉಣ್ಣು,” ಎಂದು ಕಣ್ಣೊರೆಸಿಕೊಂಡಳು.

ಅಪ್ಪ ಹೊಸ್ತಿಲ ಕಡೆ ಹೆಜ್ಜೆಯಿಟ್ಟ.

“ಇರಪ್ಪ, ಒಂದ್ನಿಮಿಷ,” ಎಂದು ಭಾನು ಅವನಿಗಿಂತ ಮೊದಲು ಒಳಗೆ ಓಡಿದಳು. ಘಾಟು ಇನ್ನೂ ಹೋಗಿರಲಿಲ್ಲ. ಅವಳು ಕಿಟಕಿಯ ಎರಡೂ ಬಾಗಿಲನ್ನು ಪೂರ್ತಿ ತೆರೆದಳು. ಹಿಂದಿನ ಸೇವಂತಿಗೆ ತೋಟದ ಗಾಳಿ ಒಳಗೆ ನುಗ್ಗಿತು. ಕೋಣೆಯ ಮೂಲೆಮೂಲೆಗೂ ಹೋಗಿ ಮೂಸಿ ನೋಡಿದಳು. ಬರೀ ಕೋಳಿಸಾರಿನ ವಾಸನೆ ಉಳಿಯುವ ತನಕ ಕಾದಳು.

ಆಮೇಲೆ ಬಾಗಿಲಿಗೆ ಬಂದು ಅಪ್ಪನ ಕೈ ಹಿಡಿದಳು.

“ಈಗ ಬಾಪ್ಪ.”