ಮಾಚನ ತೋಳಿನ ಬೆಳ್ಳಕ್ಕಿ

ನನಗೆ ಕತೆ ಹೇಳಿ ರೂಢಿಯಿಲ್ಲ. ಎಲ್ಲಿ ಅರ್ಥವಾಗದೋ ಎಂಬ ಅಳುಕಿಗೆ ಹೇಳಿದ್ದನ್ನೇ ಬಿಡಿಸಿ ಬಿಡಿಸಿ ಹೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಹಳ ಬಹಳ ಹಿಂದೆ, ಹಾಲುಬಂಡೆ ಎಂಬ ರಾಜ್ಯದಲ್ಲಿ ಮಾಚ ಎಂಬ ಮಡಿವಾಳ ಯುವಕನಿದ್ದ. ಅವನಿಗೆ ಚೆನ್ನಾಜಿ ಎಂಬ ಅಕ್ಕ. ಅಪ್ಪ ಅವ್ವ ಇಲ್ಲದ ಮನೆಯಲ್ಲಿ ಅವಳೇ ಅವನನ್ನು ಸಾಕಿದ್ದಳು.

ಊರ ಕೆರೆಯ ಆಚೆ ದಡದಲ್ಲಿ ತೊಣಚ ಎಂಬ ಮಾಟಗಾರನಿದ್ದ. ಒಂಟಿಯಾಗಿ ನೀರಿಗೆ ಬಂದ ಹೆಂಗಸರನ್ನು ಅವನು ಬೆಳ್ಳಕ್ಕಿ ಮಾಡಿ ಕೆರೆಯಲ್ಲಿ ನಿಲ್ಲಿಸುತ್ತಿದ್ದ. ಆ ಬೆಳ್ಳಕ್ಕಿಗಳು ಅಲ್ಲಿ ನಿಂತಿರುವವರೆಗೆ ಅವನಿಗೆ ಮುಪ್ಪು ಬರುತ್ತಿರಲಿಲ್ಲ. ಒಂದು ದಿನ ಬಟ್ಟೆ ಒಗೆಯಲು ಹೋದ ಚೆನ್ನಾಜಿ ಮನೆಗೆ ಬರಲಿಲ್ಲ. ರಾಜನ ದಂಡು ಹೋಯಿತು. ಯಾವುದು ಹೆಣ್ಣು, ಯಾವುದು ಬರೀ ಹಕ್ಕಿ ಎಂದು ತಿಳಿಯದೆ ತಿರುಗಿ ಬಂತು.

ಮಾಚ ಅಳುತ್ತ ಸೂಜವ್ವನ ಬಳಿಗೆ ಹೋದ. ಸೂಜವ್ವ ಹಚ್ಚೆ ಹುಯ್ಯುವ ಮುದುಕಿ. ಅವಳ ಬಾಯಲ್ಲಿ ಇದ್ದದ್ದು ಎರಡೇ ಹಲ್ಲು. ಇದನ್ನು ಯಾಕೆ ಹೇಳಿದೆ ಎಂದರೆ, ಹಲ್ಲಿಲ್ಲದವರ ಮಾತು ಸ್ಪಷ್ಟವಾಗಿರುವುದಿಲ್ಲ.

“ನಿನ್ನ ತೋಳ ಮೇಲೆ ಬೆಳ್ಳಕ್ಕಿ ಹುಯ್ತೀನಿ ಮಗಾ,” ಎಂದಳು ಸೂಜವ್ವ. “ಗಾಯ ಮಾಗಿ ಹಕ್ಕಳೆ ತಾನಾಗೇ ಉದುರಿದ ದಿನ ಅದು ಕಣ್ಣು ಬಿಡ್ತದೆ. ಹಾರಿಹೋಗಿ ನಿಮ್ಮಕ್ಕನ್ನ ಕರ್ಕೊಂಡು ಬರ್ತದೆ. ಆದ್ರೆ ಚಿತ್ರ ಎಲ್ಲಿ ಕಿತ್ತುಹೋಗಿರ್ತದೋ, ಅವಳಿಗೂ ಅಲ್ಲಿ ಊನ ಆಗಿರ್ತದೆ.”

“ರೆಕ್ಕೆ ಹೋದ್ರೆ?”

“ಕೈ ಇರಲ್ಲ.”

“ಕಣ್ಣು ಹೋದ್ರೆ?”

“ಬಿಡಿಸಿ ಕೇಳಬ್ಯಾಡ. ಕಾಪಾಡ್ಕೊ.”

ಸೂಜಿ ಚುಚ್ಚತೊಡಗಿದಾಗ ಮಾಚನ ಮುಖ ಕಿವುಚಿಕೊಂಡಿತು. “ಬಟ್ಟೆ ಹಿಂಡೋನು ನೀನು, ಮುಖ ಯಾಕೋ ಹಿಂಡ್ತೀಯ?” ಎಂದು ಮುದುಕಿ ನಕ್ಕಳು. ಹೊರಡುವಾಗ ಮೂರು ಮಾತು ಹೇಳಿ ಕಳಿಸಿದಳು: “ಬಿಸಿಲು ಬ್ಯಾಡ. ಕೆರೆ ಬ್ಯಾಡ. ಕೆರೆಬ್ಯಾಡ.”

ಮುದುಕಿಗೆ ಅರುಳುಮರುಳು, ಕೆರೆಯನ್ನು ಎರಡು ಸಲ ಹೇಳಿದಳು ಎಂದುಕೊಂಡ ಮಾಚ. ಮಡಿವಾಳನಿಗೆ ಬಿಸಿಲೂ ಬೇಡ, ಕೆರೆಯೂ ಬೇಡ ಎಂದರೆ ಅನ್ನವೂ ಬೇಡ ಎಂದಂತೆ. ಆದರೂ ಒಪ್ಪಿದ. ಬಿಸಿಲು ಯಾಕೆ ಬೇಡ ಎಂದರೆ, ಹಸಿ ಹಚ್ಚೆ ಎಂದರೆ ಗಾಯವೇ. ಬಿಸಿಲಿಗೆ ಉರಿದು ಬಣ್ಣ ಮಾಸುತ್ತದೆ. ಕೆರೆ ಯಾಕೆ ಬೇಡ ಎಂದರೆ, ಅದು ಎಮ್ಮೆಗಳು ಮುಳುಗುವ ನೀರು; ಗಾಯ ಕೀವು ಕಟ್ಟುತ್ತದೆ.

ಗೋಡೆಯ ಮೇಲಿನ ಹಲ್ಲಿಯೊಂದು ಇದನ್ನೆಲ್ಲ ಕೇಳಿಸಿಕೊಂಡು ಹೋಗಿ ತೊಣಚನಿಗೆ ಹೇಳಿತು.

ತೊಣಚ ಮೊದಲು ಬೆಂಕಿಕೊಂಬಿನ ಟಗರನ್ನು ಕಳಿಸಿದ. ಅದು ಮಾಚನ ಸೂರನ್ನು ಗುದ್ದಿ ಕೆಡವಿತು. ಸುಡುಬಿಸಿಲು ಮನೆಯೊಳಗೇ ಇಳಿಯಿತು. ಮಾಚ ಒಗೆದ ಹಳೆಯ ಸೀರೆಯ ಮೆತ್ತನೆ ತುಂಡನ್ನು ತೋಳಿಗೆ ಸಡಿಲವಾಗಿ ಹೊದಿಸಿ, ಬಟ್ಟೆ ನೆನೆಸುವ ದೊಡ್ಡ ಬಾನಿಯನ್ನು ಬೋರಲು ಹಾಕಿ ಅದರ ಕೆಳಗೆ ಕೂತ.

“ಮದುವಣಗಿತ್ತಿ ಥರ ಒಳಗೆ ಕೂತಿದ್ದೀಯಲ್ಲೋ, ಹೊರಗೆ ಬಾ,” ಎಂದಿತು ಟಗರು.

“ಬರಲ್ಲ ಮಾವ. ನಿಂಗೆ ಬೇಕಾದ್ರೆ ಇನ್ನೊಂದು ಬಾನಿ ಕೊಡ್ತೀನಿ,” ಎಂದ ಮಾಚ. ಹೊತ್ತು ಮುಳುಗಿತು. ಟಗರಿನ ಕೊಂಬು ಆರಿಹೋಯಿತು.

ತೊಣಚ ಎರಡನೆಯದಾಗಿ ಮೊಸಳೆಯನ್ನು ಕಳಿಸಿದ. ಅದು ದಡದ ನೀರಲ್ಲಿ ಅಡಗಿ ಚೆನ್ನಾಜಿಯ ದನಿಯಲ್ಲಿ ಕರೆಯಿತು: “ತಮ್ಮಾ, ಒಂದೇ ಒಂದು ಸಲ ತೋಳು ಅದ್ದು. ಮುಟ್ಟಿ ನೋಡ್ತೀನಿ.”

ಅದು ಅಕ್ಕನ ದನಿಯಲ್ಲ ಎಂದು ಮಾಚನಿಗೆ ಗೊತ್ತಾಯಿತೇ ಎಂದರೆ, ಗೊತ್ತಾಗಲಿಲ್ಲ. ದನಿ ಕೇಳಿ ಓಡಿಬಂದವನು ನೀರಿಗಿಳಿಯದೆ ದಡದ ಮೇಲೆ ಕೂತು ಅತ್ತ. “ಅಕ್ಕಾ, ನೀನು ಪೂರ್ತಿಯಾಗಿ ಬರಬೇಕು. ಅದಕ್ಕೇ ಅದ್ದಲ್ಲ,” ಎಂದು ಎದ್ದು ಮನೆಗೆ ಬಂದ. ಕಾಯಿಸಿ ಆರಿಸಿದ ನೀರಲ್ಲಿ ತೋಳು ತೊಳೆದುಕೊಂಡ. ಮೊಸಳೆ ಕೆಸರಿಗೆ ಇಳಿಯಿತು.

ಮೂರನೆಯ ಸಲ ತೊಣಚನೇ ವೈದ್ಯನ ವೇಷದಲ್ಲಿ ಬಂದು ಹೊಸ್ತಿಲ ಮೇಲೆ ಕೂತ. ಉಫ್ ಎಂದು ಊದಿದ. ಮಾಚನ ತೋಳಿಗೆ ನವೆ ಹತ್ತಿತು. ಸಾವಿರ ಇರುವೆ ಹರಿದಾಡುವಂಥ ನವೆ.

“ಪಾಪ, ಸ್ವಲ್ಪ ಉಗುರು ಆಡಿಸು ಮಗು. ಮುದುಕಿ ಬೇಡ ಅಂದದ್ದು ಬಿಸಿಲು, ಕೆರೆ. ಉಗುರಿನ ಮಾತು ಎತ್ತಿದಳೇನು?”

“ಇಲ್ಲ ಸ್ವಾಮಿ.” ಮಾಚ ಉಗುರಿಟ್ಟ. ಬೆಳ್ಳಕ್ಕಿಯ ಕಾಲ ತುದಿಯಲ್ಲಿ ಒಂದು ಚೂರು ಹಕ್ಕಳೆ ಕಿತ್ತು ಬಂತು. ಆಹಾ, ಎಷ್ಟು ಹಿತವಾಯಿತು.

ತೊಣಚನಿಗೆ ಖುಷಿ ತಡೆಯಲಾಗಲಿಲ್ಲ. “ಹಾಂ, ಹಾಗೇ. ಇನ್ನೂ ಜೋರಾಗಿ ಕೆರೆ.”

ಮಾಚನ ಕೈ ನಿಂತಿತು. ಕೆರೆ ಎಂದರೆ ನೀರು ನಿಲ್ಲುವ ಕೆರೆ. ಕೆರೆ ಎಂದರೆ ಉಗುರಿಂದ ಕೆರೆ. ಅಜ್ಜಿ ಒಂದೇ ಮಾತನ್ನು ಎರಡು ಸಲ ಹೇಳಿರಲಿಲ್ಲ.

ಎರಡೂ ಕೈಯ ಬೆರಳು ಮಡಿಸಿ ಉಗುರು ಮುಚ್ಚಿಕೊಂಡ. ನವೆ ಏರಿತು. ಒದ್ದೆ ಅಂಗೈಯಿಂದ ಮೆಲ್ಲಗೆ ತಟ್ಟಿದ. ನವೆ ಇನ್ನೂ ಏರಿತು. ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ, “ಅಕ್ಕಾ, ಅಕ್ಕಾ” ಎನ್ನುತ್ತ ತಡೆದುಕೊಂಡ. ಯಾರೂ ಕೆರೆಯದ ನವೆ ಎಲ್ಲಿಗೆ ಹೋಗಬೇಕು? ಕಳಿಸಿದವನ ಮೈಗೇ ಹೋಗಿ ಸೇರಿತು.

ತೊಣಚ ಬೆನ್ನು ಕೆರೆದ, ಹೊಟ್ಟೆ ಕೆರೆದ, ಕೆರೆದುಕೊಳ್ಳುತ್ತ ಕೆರೆಯ ಕಡೆಗೆ ಓಡಿದ. ಅಷ್ಟರಲ್ಲಿ ಮಾಚನ ತೋಳಿನ ಹಕ್ಕಳೆ ತಾನಾಗಿ ಉದುರಿತು. ಹಚ್ಚೆಯ ಬೆಳ್ಳಕ್ಕಿ ಕಣ್ಣು ಬಿಟ್ಟು ಹಾರಿತು. ಅದನ್ನು ತಡೆಯೋಣವೆಂದರೆ ಮಾಟಗಾರನಿಗೆ ಕೈ ಬಿಡುವಿರಲಿಲ್ಲ. ಬೆಳ್ಳಕ್ಕಿ ಒಂದು ಹಕ್ಕಿಯ ಬಳಿ ಇಳಿಯಿತು. ಚೆನ್ನಾಜಿ ಎದ್ದು ನಿಂತಳು. ಅವಳ ಹಿಂದೆ ಉಳಿದ ಹೆಂಗಸರೂ ಎದ್ದರು. ತೊಣಚನಿಗೆ ತಡೆದು ನಿಂತಿದ್ದ ಮುಪ್ಪೆಲ್ಲ ಒಟ್ಟಿಗೇ ಬಂದು, ಅವನು ಉದುರಿ ಮಣ್ಣಾದ.

ಚೆನ್ನಾಜಿಯ ಎಡಗಾಲಿಗೆ ಕಿರುಬೆರಳಿರಲಿಲ್ಲ.

“ಅಕ್ಕಾ, ಅದು ನನ್ನಿಂದಲೇ…” ಎಂದು ಮಾಚ ಅವಳ ಕಾಲ ಬಳಿ ಕೂತ.

“ಚಪ್ಪಲಿ ಕಚ್ತಿದ್ದದ್ದು ಅದೇ ಬೆರಳು. ಏಳು, ಸಾಕು,” ಎಂದಳು ಅವಳು, ಅವನ ತಲೆ ಸವರುತ್ತ.

ಆಮೇಲೆ ಹಾಲುಬಂಡೆಯ ಹೆಂಗಸರು ಹೆದರದೆ ನೀರಿಗೆ ಹೋದರು, ನಗುತ್ತ ಮನೆಗೆ ಬಂದರು. ಹಚ್ಚೆ ಹುಯ್ಯಿಸಿಕೊಂಡವರೆಲ್ಲ ಮಾಚನ ಜಗಲಿಗೆ ಬಂದು, ಹೇಗೆ ನೋಡಿಕೊಳ್ಳಬೇಕೆಂದು ಕೇಳತೊಡಗಿದರು. ಮಾಚ ಬಿಡಿಸಿ ಬಿಡಿಸಿ ಹೇಳುತ್ತಿದ್ದ:

“ಎಣ್ಣೆ ತೆಳ್ಳಗೆ ಹಚ್ಚಿ. ತೆಳ್ಳಗೆ ಯಾಕೆ ಅಂದ್ರೆ, ದಪ್ಪ ಹಚ್ಚಿದ್ರೆ ಹಕ್ಕಳೆ ನೆನೆದು ಮೆತ್ತಗಾಗಿ, ಆಮೇಲೆ ಅದು…”

“ಮಾಚಾ, ಮುದ್ದೆ ಆರ್ತದೆ ಬಾರೋ,” ಎಂದು ಚೆನ್ನಾಜಿ ಒಳಗಿಂದ ಕೂಗಿದಳು.

ಆಮೇಲೆ ಅದು ಏನಾಗುತ್ತದೆ ಎಂಬುದನ್ನು ಅಲ್ಲಿಗೇ ಬಿಟ್ಟು, ಮಾಚ ಎದ್ದು ಒಳಗೆ ಹೋದ.